ಘಾನಾದಲ್ಲಿ ಡ್ರಮ್ ಕೇಳುತ್ತಾ: ಅಕ್ರಾದಿಂದ ಕೇಟಾವರೆಗೆ

ಬುಧವಾರ, ಅಕ್ರಾ

ಅಕ್ರಾದ ಆರ್ಟ್ಸ್ ಸೆಂಟರ್ ಒಳಗೆ ಹೋದ ತಕ್ಷಣ ಕಣ್ಣಿಗೆ ಬೀಳುವುದು ಜೆಂಬೆ, ಕೈಯಿಂದ ಬಾರಿಸುವ ಡ್ರಮ್. ದೊಡ್ಡದು, ಚಿಕ್ಕದು, ಆನೆ ಕೆತ್ತಿದ್ದು, ಆಫ್ರಿಕಾದ ನಕಾಶೆ ಕೆತ್ತಿದ್ದು, ಮಕ್ಕಳ ಆಟಕ್ಕೆ ಅಂತ ಬಣ್ಣ ಬಳಿದದ್ದು. ಪ್ರತಿ ಅಂಗಡಿಯವನೂ ಒಂದನ್ನು ಕಾಲ ನಡುವೆ ಇಟ್ಟುಕೊಂಡು ಬಾರಿಸುತ್ತಲೇ 'ಸಿಸ್ಟರ್, ಆಕ್ವಾಬಾ' ಅನ್ನುತ್ತಾನೆ. ಸ್ವಾಗತವೂ ಆಯಿತು, ವ್ಯಾಪಾರವೂ ಶುರುವಾಯಿತು.

ಆದರೆ ಜೆಂಬೆ ಘಾನಾದ್ದಲ್ಲ. ಅದರ ತವರು ಗಿನಿ, ಮಾಲಿ ಕಡೆಯ ಮಾಂಡೆ ಜನರ ಊರುಗಳು. 1952ರಲ್ಲಿ ಗಿನಿಯ ಫೊದೇಬಾ ಕೇಯ್ಟಾ ಪ್ಯಾರಿಸ್‌ನಲ್ಲಿ ಬ್ಯಾಲೆ ಆಫ್ರಿಕೇನ್ ಅನ್ನುವ ತಂಡ ಕಟ್ಟಿದರು. 1958ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಅದು ದೇಶದ ತಂಡವೇ ಆಯಿತು. ಅವರು ಹೋದಲ್ಲೆಲ್ಲ ಜೆಂಬೆಯೂ ಹೋಯಿತು. ಈಗ ಪ್ರವಾಸಿಗರು ಕೇಳುವುದು ಅದನ್ನೇ, ಹಾಗಾಗಿ ಘಾನಾದ ಬಡಗಿಗಳೂ ಅದನ್ನೇ ಕೆತ್ತುತ್ತಾರೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಹುಡುಗರು ಬಾರಿಸುವುದೂ ಇದನ್ನೇ ಅಲ್ವಾ.

ಅಂಗಡಿಗಳ ಹಿಂದೆ, ಕಡಲಿನ ಕಡೆಗೆ, ಕೆಲಸ ನಡೆಯುವ ಜಾಗ ಇದೆ. ಅಲ್ಲಿ ನಿಂತು ನೋಡಿದ್ದೇ ನನಗೆ ಜಾಸ್ತಿ ಇಷ್ಟವಾಯಿತು. ಒಬ್ಬ ಹುಡುಗ ನೆನೆಸಿದ ಮೇಕೆ ಚರ್ಮವನ್ನು ಕಬ್ಬಿಣದ ಬಳೆಗೆ ಸಿಕ್ಕಿಸಿ ಡ್ರಮ್ಮಿನ ಬಾಯಿಗೆ ಕೂರಿಸಿದ. ಹಗ್ಗವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದು ಬಿಗಿದ. ಕಾಲನ್ನು ಮರಕ್ಕೆ ಒದ್ದು ಹಿಡಿದು, ಬೆನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಎಳೆಯುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ ಬ್ಲೇಡಿನಿಂದ ಇನ್ನೊಂದು ಚರ್ಮದ ಕೂದಲು ಹೆರೆಯುತ್ತಿದ್ದ. ಒಂದೊಂದು ಎಳೆತಕ್ಕೂ ಬ್ಲೇಡು ಒರೆಸುತ್ತಿದ್ದ. ಚರ್ಮದ ವಾಸನೆ, ಮರದ ಹೊಟ್ಟು, ಉಪ್ಪುಗಾಳಿ.

ಆ ಹುಡುಗನನ್ನೇ ಕೇಳಿದೆ, ಒಣಗಿದ ಒಂದು ಜೆಂಬೆಯಲ್ಲಿ ಎಲ್ಲ ಪೆಟ್ಟುಗಳನ್ನೂ ಒಂದೊಂದಾಗಿ ತೋರಿಸು ಅಂತ. ಮುಖ್ಯವಾದವು ಮೂರೇ. ನಡುವೆ ಇಡೀ ಅಂಗೈ ಬಿಟ್ಟು ತಕ್ಷಣ ಎತ್ತಿದರೆ 'ಗುಂ'. ಅಂಚಿನಲ್ಲಿ ಬೆರಳು ಜೋಡಿಸಿ ಬಾರಿಸಿದರೆ 'ತೊಂ', ದುಂಡಗಿನ ದನಿ. ಅದೇ ಅಂಚಿನಲ್ಲಿ ಬೆರಳು ಸಡಿಲ ಬಿಟ್ಟು, ತುದಿಗಳು ಮಾತ್ರ ಚಿಮ್ಮುವಂತೆ ಹೊಡೆದರೆ 'ಟಾ', ಕಿವಿಗೆ ಚುಚ್ಚುವ ದನಿ.

'ಗುಂ' ಅನ್ನುವುದು ಚರ್ಮಕ್ಕಿಂತ ಒಳಗಿನ ಗಾಳಿಯ ದನಿ. ಬಟ್ಟಲಿನಂಥ ಹೊಟ್ಟೆ, ಕೆಳಗೆ ಕಿರಿದಾದ ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ದನಿ ಇದೆಯಲ್ಲ, ಅದೇ ಲೆಕ್ಕ. ಅದಕ್ಕೇ ಜೆಂಬೆಯನ್ನು ನೆಲಕ್ಕೆ ಒತ್ತಿ ಕೂರಿಸಿದರೆ 'ಗುಂ' ಸತ್ತುಹೋಗುತ್ತದೆ. ಸ್ವಲ್ಪ ಓರೆ ಮಾಡಿ ಹಿಡಿದು ಕೆಳಗಿನ ಬಾಯಿ ತೆರೆದಿರಬೇಕು.

ನಾನು ಮೃದಂಗ ಕಲಿತವಳು. ನಮ್ಮ ಬಲಗಡೆಯ ಮುಚ್ಚಿಗೆಯಲ್ಲಿ ಕರಣೆ ಇರುತ್ತದೆ. ಆ ಕಪ್ಪು ಲೇಪದಿಂದಲೇ ಮೃದಂಗಕ್ಕೆ ಶ್ರುತಿ ನಿಲ್ಲುತ್ತದೆ. ಅದರ ಉಪಸ್ವರಗಳು, ಅಂದರೆ ಮೂಲ ದನಿಯ ಜತೆಗೇ ಏಳುವ ಮೇಲಿನ ದನಿಗಳು, ತಂತಿಯ ಉಪಸ್ವರಗಳ ಲೆಕ್ಕಕ್ಕೇ ಕೂಡುತ್ತವೆ ಅಂತ ಸರ್ ಸಿ.ವಿ. ರಾಮನ್ 1920ರಲ್ಲೇ ತೋರಿಸಿಕೊಟ್ಟರು. ಜೆಂಬೆಗೆ ಕರಣೆ ಇಲ್ಲ, ಬರೀ ಚರ್ಮ. ಇಲ್ಲಿ ಷಡ್ಜ ಹುಡುಕಿದರೆ ಸಿಗದು. ಹುಡುಕಬೇಕಾದದ್ದು ಬೇರೆ: ಮೂರು ದನಿಗಳು ಒಂದಕ್ಕೊಂದು ಎಷ್ಟು ದೂರ ನಿಂತಿವೆ ಅನ್ನುವುದು. ಒಳ್ಳೆಯ ಕೈ ಬಾರಿಸಿದರೆ ಬೇರೆ ಬೇರೆ ಡ್ರಮ್ಮುಗಳೇ ನುಡಿದಂತೆ ಕೇಳಿಸುತ್ತದೆ.

ನನಗೆ ಬೇಕಾದದ್ದು ಮೂಲೆಯಲ್ಲಿ ನಿಂತಿತ್ತು, ಕ್ಪಾನ್ಲೊಗೊ. ಅಕ್ರಾದ ಮೂಲನಿವಾಸಿಗಳಾದ ಗಾ ಜನರ ಡ್ರಮ್. ಮೇಲೆ ಅಗಲ, ಕೆಳಗೆ ಹೋಗುತ್ತಾ ಸಪೂರ, ಕೊನೆಗೆ ಒಂದು ಗಿಡ್ಡ ಪಾದ. ಹಗ್ಗ ಬಿಗಿದಿಲ್ಲ. ಸುತ್ತ ಆರು ಮರದ ಗೂಟ ಹೊಡೆದು ಚರ್ಮವನ್ನು ಎಳೆದು ನಿಲ್ಲಿಸಿದ್ದಾರೆ. ಜೆಂಬೆಗಿಂತ ದಪ್ಪ ಚರ್ಮ, ದನಿಯೂ ದಪ್ಪ. ಅಂಗಡಿಯವನು ಒಂದೇ ಒಂದು ಪೆಟ್ಟು ಹೊಡೆದ. ಜೆಂಬೆಯ ಚೂಪು ಇದಕ್ಕಿಲ್ಲ. ಆದರೆ ದನಿಯಲ್ಲಿ ಮರ ಇದೆ.

ಸಂಜೆ ಅಕ್ಕನ ಜತೆ ಜೇಮ್ಸ್‌ಟೌನ್ ದೀಪಸ್ತಂಭದ ಕಡೆ ಒಂದು ಸುತ್ತು ಹಾಕಿ ತೇಮಾಕ್ಕೆ ವಾಪಸು. ಅಕ್ಕ, ಭಾವ ಇರುವುದು ಅಲ್ಲೇ.

ಗುರುವಾರ, ಕೊಕ್ರೊಬಿಟೆ

ಅಕ್ರಾದಿಂದ ಪಶ್ಚಿಮಕ್ಕೆ ಕಡಲ ದಂಡೆಯ ಊರು ಕೊಕ್ರೊಬಿಟೆ. ಗಾ ಜನರ ದೊಡ್ಡ ವಾದಕ ಮುಸ್ತಫಾ ಟೆಟ್ಟೆ ಆಡ್ಡಿ 1980ರ ದಶಕದ ಕೊನೆಯಲ್ಲಿ ತಮ್ಮ ಸಂಗೀತ ಅಕಾಡೆಮಿ ಕಟ್ಟಿದ್ದು ಇದೇ ಊರಿನಲ್ಲಿ. ಹೊರದೇಶದಿಂದ ಡ್ರಮ್ ಕಲಿಯಲು ಬರುವವರು ಇವತ್ತಿಗೂ ಈ ಊರನ್ನು ಹುಡುಕಿಕೊಂಡು ಬರುತ್ತಾರೆ. ನಾವು ಒಬ್ಬ ಮೇಷ್ಟ್ರನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ತೆಂಗಿನ ಮರದ ಕೆಳಗೆ ಬೆಂಚು, ಬೆಂಚಿನ ಮುಂದೆ ನಾಲ್ಕು ಡ್ರಮ್, ಅಷ್ಟೇ ಪಾಠಶಾಲೆ.

ಮೇಷ್ಟ್ರು ಮೊದಲು ಮಾಡಿದ್ದು ಶ್ರುತಿ. ಒಂದು ಕಲ್ಲು ತೆಗೆದುಕೊಂಡು ಗೂಟದ ತಲೆಗೆ ಸಣ್ಣಗೆ ಹೊಡೆದರು, ಚರ್ಮ ತಟ್ಟಿದರು, ಪಕ್ಕದ ಗೂಟಕ್ಕೆ ಹೊಡೆದರು, ಮತ್ತೆ ತಟ್ಟಿದರು. ಆಮೇಲೆ ಡ್ರಮ್ಮನ್ನು ಬಿಸಿಲಿಗೆ ತಿರುಗಿಸಿ ಇಟ್ಟು ನೀರು ಕುಡಿದು ಬಂದರು. ಮೃದಂಗಕ್ಕೆ ನಾವು ಕಲ್ಲು, ಮರದ ತುಂಡು ಹಿಡಿದು ಅಂಚಿಗೆ ಹೊಡೆಯುವುದು ಇದೇ ತಾನೇ. ನೋಡುತ್ತಾ ಕೂತರೆ ಹೊರದೇಶ ಅನ್ನಿಸಲಿಲ್ಲ.

ಕ್ಪಾನ್ಲೊಗೊ ಅನ್ನುವುದು ಡ್ರಮ್ಮಿನ ಹೆಸರು ಮಾತ್ರ ಅಲ್ಲ, ಕುಣಿತದ ಹೆಸರೂ ಹೌದು. 1960ರ ದಶಕದ ಶುರುವಿನಲ್ಲಿ ಅಕ್ರಾದ ಗಾ ಹುಡುಗರು ಹುಟ್ಟಿಸಿದ್ದು. ಒಟೂ ಲಿಂಕನ್ ಅನ್ನುವವರ ಹೆಸರನ್ನು ಇದಕ್ಕೆ ಹೇಳುತ್ತಾರೆ. ಆಗ ದೇಶ ಹೊಸದಾಗಿ ಸ್ವತಂತ್ರವಾಗಿತ್ತು, ರಾಕ್ ಅಂಡ್ ರೋಲ್ ಊರಿಗೆ ಬಂದಿತ್ತು, ಹುಡುಗರ ಸೊಂಟ ಸುಮ್ನೆ ಇರಲಿಲ್ಲ. ಹಿರಿಯರಿಗೆ ಆ ಕುಣಿತ ಅಸಭ್ಯ ಅನ್ನಿಸಿ ಗದ್ದಲ ಎದ್ದಿತು. ಈಗ ಅದೇ ಕುಣಿತ ಮದುವೆಯಲ್ಲೂ ಇದೆ, ನಾಮಕರಣದಲ್ಲೂ ಇದೆ, ಶಾಲೆಯ ವಾರ್ಷಿಕೋತ್ಸವದಲ್ಲೂ ಇದೆ.

ಪೆಟ್ಟುಗಳು ಇಲ್ಲೂ ಗುಂ, ತೊಂ, ಟಾ. ಜತೆಗೆ ಮುಚ್ಚಿದ ಪೆಟ್ಟು ಒಂದು: ಬೆರಳು ಬಿದ್ದ ಮೇಲೆ ಅಲ್ಲೇ ಒತ್ತಿ ಹಿಡಿಯುವುದು. ಇದರ ಬೆಲೆ ಒಬ್ಬರೇ ಬಾರಿಸುವಾಗ ತಿಳಿಯುವುದಿಲ್ಲ. ಮೇಷ್ಟ್ರ ಮಗ ಪಕ್ಕದಲ್ಲಿ ಗಂಟೆ ಹಿಡಿದು ಕೂತ. ಗಂಟೆ ಅಂದರೆ ಕಬ್ಬಿಣದ್ದು, ಕಡ್ಡಿಯಿಂದ ಬಾರಿಸುವುದು. ನಮ್ಮ ಆದಿತಾಳದ ಎಂಟು ಅಕ್ಷರವನ್ನು ಎರಡೆರಡಾಗಿ ಒಡೆದು ಹದಿನಾರು ಎಣಿಸಿಕೊಳ್ಳಿ. ಅದರಲ್ಲಿ ಐದೇ ಪೆಟ್ಟು. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಕ್ಯೂಬಾದ ಸಂಗೀತ ಕೇಳುವವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಅಲ್ಲಿ ಕ್ಲಾವೆ ಅನ್ನುವ ಎರಡು ಕೋಲು ಹಿಡಿದು ಬಾರಿಸುವುದೂ ಇದನ್ನೇ. ಹಡಗುಗಳಲ್ಲಿ ಗುಲಾಮರಾಗಿ ಸಾಗಿಹೋದವರ ಕೈಯಲ್ಲಿ ಡ್ರಮ್ ಇರಲಿಲ್ಲ. ಲೆಕ್ಕ ಮಾತ್ರ ಇತ್ತು.

ಗಂಟೆ ಶುರುವಾಯಿತು. ನನ್ನ ಕೈಗೆ ಕೊಟ್ಟದ್ದು ಒಂದು ಚಿಕ್ಕ ಪಟ್ಟು, ಎರಡು ತೊಂ, ಒಂದು ಮುಚ್ಚಿದ ಪೆಟ್ಟು. ಅದನ್ನೇ ಬಾರಿಸುತ್ತಾ ಇರಬೇಕು, ಬದಲಿಸುವ ಹಾಗಿಲ್ಲ. ಮೇಷ್ಟ್ರು ಎರಡನೆಯ ಡ್ರಮ್ಮಿನಲ್ಲಿ ಇನ್ನೊಂದು ಪಟ್ಟು ಶುರು ಮಾಡಿದರು. ನಾನು ಒತ್ತಿ ಹಿಡಿದ ಜಾಗದಲ್ಲಿ ಅವರ 'ತೊಂ' ಬಂತು. ಅವರು ಬಿಟ್ಟಲ್ಲಿ ನನ್ನದು. ಎರಡೂ ಸೇರಿ ಮೂರನೆಯದೊಂದು ರಾಗ ಎದ್ದಿತು. ಅದನ್ನು ನಾನೂ ಬಾರಿಸುತ್ತಿಲ್ಲ, ಅವರೂ ಬಾರಿಸುತ್ತಿಲ್ಲ. ಮುಚ್ಚಿದ ಪೆಟ್ಟು ಯಾಕೆ ಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಅದು ಮತ್ತೊಬ್ಬರಿಗೆ ಜಾಗ ಬಿಡುವ ಪೆಟ್ಟು.

ಮಧ್ಯಾಹ್ನ ರೆಡ್-ರೆಡ್ ತಿಂದೆವು. ಅಲಸಂದೆ ಕಾಳಿನ ಗೊಜ್ಜು, ಕೆಂಪು ತಾಳೆ ಎಣ್ಣೆ, ಕರಿದ ಬಾಳೆಹಣ್ಣು. ಸಸ್ಯಾಹಾರಿಗಳು ಮೀನು ಹಾಕಬೇಡಿ ಅಂತ ಮೊದಲೇ ಹೇಳಬೇಕು.

ಊಟವಾದ ಮೇಲೆ ಗೊಮೆ ತೋರಿಸಿದರು. ನಾನು ನೋಡಿದ ಡ್ರಮ್ಮುಗಳಲ್ಲಿ ಇದಕ್ಕೇ ನನ್ನ ಓಟು. ಚೌಕಾಕಾರದ ದೊಡ್ಡ ಮರದ ಪೆಟ್ಟಿಗೆ, ಒಂದು ಮುಖಕ್ಕೆ ಚರ್ಮ. ಬಾರಿಸುವವನು ಅದರ ಮೇಲೇ ಕೂರುತ್ತಾನೆ. ಎರಡೂ ಅಂಗೈ ಚರ್ಮದ ಮೇಲೆ, ಜತೆಗೆ ಬರಿಗಾಲ ಹಿಮ್ಮಡಿಯೂ ಚರ್ಮದ ಮೇಲೆ. ಹಿಮ್ಮಡಿ ಒತ್ತಿದರೆ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇಡೀ ದೇಹ ಬಗ್ಗಿ ಬಾರಿಸಬೇಕು. ದನಿ ಹೊಟ್ಟೆಯೊಳಗೆ ಕೇಳಿಸುತ್ತದೆ.

ಗೊಮೆಯ ಹಾದಿ ದೊಡ್ಡದು. ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ಪೀಳಿಗೆಯಾದ, ಜಮೈಕಾದಲ್ಲಿ ಬ್ರಿಟಿಷರ ಎದುರು ದಂಗೆ ಎದ್ದ ಮರೂನ್ ಜನರನ್ನು ಮೊದಲು ಕೆನಡಾದ ನೋವಾ ಸ್ಕೋಷಿಯಾಕ್ಕೆ, ಅಲ್ಲಿಂದ 1800ರಲ್ಲಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೆ ಸಾಗಿಸಿದರು. ಅವರ ಜತೆ ಗೊಮೆಯ ಮೂಲವಾದ ಗುಂಬೆ ಡ್ರಮ್ಮೂ ಬಂತು. ಆಮೇಲೆ ಪಶ್ಚಿಮ ಆಫ್ರಿಕಾದ ಬಂದರಿನಿಂದ ಬಂದರಿಗೆ ಕೆಲಸ ಹುಡುಕಿ ಹೋದ ಬಡಗಿಗಳು, ಕಮ್ಮಾರರು ಅದನ್ನು ಹೊತ್ತು ತಿರುಗಿದರು. ಹಾಗೆ ಅಕ್ರಾಕ್ಕೂ ತಲುಪಿತು. ಆಫ್ರಿಕಾದಿಂದ ಕಸಿದುಕೊಂಡು ಹೋದ ಜನರ ಮೊಮ್ಮಕ್ಕಳ ಕೈಯಲ್ಲಿ ಕಡಲು ದಾಟಿ ಮತ್ತೆ ಆಫ್ರಿಕಾಕ್ಕೆ ಬಂದ ಡ್ರಮ್ ಇದು. ನಾನು ಅದರ ಮರವನ್ನು ಎಷ್ಟೋ ಹೊತ್ತು ಸವರುತ್ತಾ ಕೂತಿದ್ದೆ.

ಯಲ್ಲಾಪುರ ನನ್ನ ಊರು. ಅಲ್ಲಿನ ಸಿದ್ದಿಗಳ ದಮಾಮಿ ಕುಣಿತ ನೋಡಿ ಬೆಳೆದವಳು ನಾನು. ಮೇಷ್ಟ್ರಿಗೆ ಅದರ ವಿಡಿಯೋ ತೋರಿಸಿದೆ. ಸಿದ್ದಿಗಳ ಹಿರಿಯರು ಬಂದದ್ದು ಮುಖ್ಯವಾಗಿ ಪೂರ್ವ ಆಫ್ರಿಕಾದ ಕಡೆಯಿಂದ, ಬಹಳ ಜನ ಪೋರ್ಚುಗೀಸರ ಗೋವಾದ ಮೂಲಕ. ಘಾನಾದ ಜತೆ ನೇರ ನಂಟು ಹೇಳುವ ಹಾಗಿಲ್ಲ. ಮೇಷ್ಟ್ರು ಅದನ್ನೆಲ್ಲ ಕೇಳಲೇ ಇಲ್ಲ. ಡ್ರಮ್ ಹಿಡಿದವನ ಕೈಯನ್ನೇ ನೋಡುತ್ತಿದ್ದರು. ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿಸಿಕೊಂಡರು.

ಶುಕ್ರವಾರ, ಕುಮಾಸಿ ದಾರಿ

ಅಕ್ರಾದಿಂದ ಕುಮಾಸಿಗೆ ಸುಮಾರು 250 ಕಿಲೋಮೀಟರ್. ಬಸ್ಸಿನಲ್ಲೇ ದಿನ ಹೋಯಿತು. ಬಸ್‌ಸ್ಟ್ಯಾಂಡಿಗೆ ಬಿಡುವಾಗ ಭಾವ ಕಾರಿನ ರೇಡಿಯೋ ಹಾಕಿ, 'ಈ ಊರಿನವರಿಗೆ ಡ್ರಮ್ ಅಂದರೆ ಏನು ಅಂತ ಗೊತ್ತಾಗಬೇಕಾದರೆ ಇದನ್ನ ಕೇಳಬೇಕು ನೋಡು' ಅಂದರು. ಘಾನಾದ ಸರ್ಕಾರಿ ರೇಡಿಯೋದ ಗುರುತಿನ ದನಿ ಅಟುಂಪನ್ ಅನ್ನುವ ಮಾತಾಡುವ ಡ್ರಮ್ಮಿನದು. 'ಘಾನಾ, ಕೇಳಿರಿ' ಅಂತ ಡ್ರಮ್ಮೇ ಕರೆಯುತ್ತದೆ.

ಶನಿವಾರ, ಅಹ್ವಿಯಾ

ಕುಮಾಸಿಯ ಹೊರಗೆ ಕೈಕಸುಬಿನ ಊರುಗಳು ಅಕ್ಕಪಕ್ಕ ಇವೆ. ಬೊನ್‌ವಿರೆಯಲ್ಲಿ ಕೆಂಟೆ ಬಟ್ಟೆ, ಎನ್‌ಟೊನ್ಸೊದಲ್ಲಿ ಬಟ್ಟೆಗೆ ಒತ್ತುವ ಅಡಿಂಕ್ರಾ ಅಚ್ಚು, ಅಹ್ವಿಯಾದಲ್ಲಿ ಮರದ ಕೆತ್ತನೆ. ಅಕ್ಕ ಬೊನ್‌ವಿರೆಗೆ ಹೋದಳು, ನಾನು ಅಹ್ವಿಯಾಕ್ಕೆ.

ಕುಮಾಸಿ ಸುತ್ತಿನ ಅಶಾಂತಿ (ಅಸಾಂಟೆ) ಜನರ ದೊಡ್ಡ ಡ್ರಮ್ಮುಗಳಿಗೆ ಬೇಕಾದ್ದು ತ್ವೆನೆಬೊವಾ ಮರ. ಅದನ್ನು ಕಡಿಯುವ ಮುಂಚೆ ಮರಕ್ಕೆ ಕಾಣಿಕೆ ಕೊಟ್ಟು ಅಪ್ಪಣೆ ಕೇಳುವುದು ಹಳೆಯ ಪದ್ಧತಿ. ಡ್ರಮ್ ಬಾರಿಸುವ ಒಕೆರೆಮಾ ಕೂಡ ನುಡಿಸಲು ಶುರು ಮಾಡುವಾಗ ಆ ಮರದ ಹೆಸರು ಹೇಳಿ ಎಬ್ಬಿಸುತ್ತಾನೆ. ಭೂಮಿಯನ್ನು, ಮರವನ್ನು, ಚರ್ಮ ಕೊಟ್ಟ ಪ್ರಾಣಿಯನ್ನು, ಗೂಟ ಕೊಟ್ಟ ಗಿಡವನ್ನು ಒಂದೊಂದಾಗಿ ಕರೆಯುತ್ತಾನೆ. ಈ ಡ್ರಮ್ ಪದ್ಯಗಳನ್ನು ಕೇಳಿ, ಬರೆದಿಟ್ಟು, ಅರ್ಥ ಬಿಡಿಸಿಟ್ಟವರಲ್ಲಿ ದೊಡ್ಡ ಹೆಸರು ಕ್ವಬೆನಾ ಎನ್‌ಕೆಟಿಯಾ ಅವರದು. ಅವರೂ ಅಶಾಂತಿ ನಾಡಿನ ಮಾಂಪಾಂಗ್‌ನವರೇ. 2019ರಲ್ಲಿ ತೀರಿಕೊಂಡರು.

ಕೆತ್ತುವವರ ಕೈ ನೋಡುವುದೇ ಒಂದು ಪಾಠ. ಉದ್ದ ಹಿಡಿಯ ಉಳಿಯನ್ನು ಮರದ ಹೊಟ್ಟೆಯೊಳಗೆ ಇಳಿಬಿಟ್ಟು ಮೇಲಿಂದ ಕುಟ್ಟುತ್ತಾರೆ. ಮಧ್ಯೆ ಮಧ್ಯೆ ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ತಟ್ಟಿ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಕೇಳುತ್ತಾರೆ. ಚರ್ಮ ಹಾಕುವ ಎಷ್ಟೋ ಮುಂಚೆಯೇ ಡ್ರಮ್ಮಿನ ದನಿ ಕೇಳಲು ಶುರು ಮಾಡಿರುತ್ತಾರೆ.

ಭಾನುವಾರ, ಮನ್‌ಹಿಯಾ ಅರಮನೆ

ಅಶಾಂತಿ ಪಂಚಾಂಗದಲ್ಲಿ 42 ದಿನಕ್ಕೊಮ್ಮೆ ಬರುವ ಭಾನುವಾರ ಅಕ್ವಾಸಿಡೆ. ಅವತ್ತು ದೊರೆ ಅಸಾಂಟೆಹೆನೆ ಒಸೆಯ್ ಟುಟು II ಅರಮನೆಯ ಅಂಗಳದಲ್ಲಿ ದರ್ಬಾರು ಕೂರುತ್ತಾರೆ. ಬಣ್ಣಬಣ್ಣದ ದೊಡ್ಡ ಛತ್ರಿಗಳು, ಚಿನ್ನ, ದಂತದ ಕಹಳೆ, ಸಾಮಂತರ ಸಾಲು. ಇದರ ಫೋಟೋ ಎಲ್ಲರೂ ಹಾಕಿದ್ದಾರೆ. ನಾನು ಡ್ರಮ್ಮುಗಳ ಪಕ್ಕ ಜಾಗ ಹಿಡಿದೆ.

ಮೊದಲು ಫೊಂಟೊಮ್‌ಫ್ರೊಮ್. ಆಳೆತ್ತರದ ಜೋಡಿ ಡ್ರಮ್. ಮೆರವಣಿಗೆಯಲ್ಲಿ ಒಬ್ಬ ಅದನ್ನು ತಲೆಯ ಮೇಲೆ ಅಡ್ಡ ಹೊತ್ತು ನಡೆಯುತ್ತಾನೆ, ಇನ್ನೊಬ್ಬ ಹಿಂದಿನಿಂದ ಕೋಲಿನಲ್ಲಿ ಬಾರಿಸುತ್ತಾ ಬರುತ್ತಾನೆ. ಹೊತ್ತವನ ಕುತ್ತಿಗೆ ಗಮನಿಸಿದೆ. ಪ್ರತಿ ಪೆಟ್ಟೂ ಅವನ ಬೆನ್ನಿಗೆ ಇಳಿಯುತ್ತದೆ.

ಅಟುಂಪನ್ ಕೂಡ ಕೋಲಿನದೇ, ಕೈಯಿಂದ ಬಾರಿಸುವುದಲ್ಲ. ಆದರೂ ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಜೋಡಿ ಡ್ರಮ್, ಒಂದು ಮೇಲಿನ ಶ್ರುತಿ, ಒಂದು ಕೆಳಗಿನದು. ಕೆಳಗಿನ ದನಿಯದು ಗಂಡು, ಮೇಲಿನದು ಹೆಣ್ಣು. ಕೋಲು ಬಾಗಿದ ಕೊಂಬೆಯದು. ಹಿಂದೆಲ್ಲ ಇದಕ್ಕೆ ಆನೆಯ ಕಿವಿಯ ಚರ್ಮ ಹೊದಿಸುತ್ತಿದ್ದರು. ಅಶಾಂತಿಯವರ ಟ್ವಿ ಭಾಷೆಯಲ್ಲಿ ದನಿಯ ಏರಿಳಿತವೇ ಪದದ ಅರ್ಥ ಹಿಡಿದಿರುತ್ತದೆ. ಏರಿದ ಕಡೆ ಹೆಣ್ಣು ಡ್ರಮ್, ಇಳಿದ ಕಡೆ ಗಂಡು ಡ್ರಮ್. ಹಾಗೆ ಮಾತು ಡ್ರಮ್ಮಿಗೆ ಇಳಿಯುತ್ತದೆ. ಒಂದೇ ಏರಿಳಿತದ ಪದಗಳು ಹತ್ತಾರು ಇರುತ್ತವಲ್ಲ, ಗೊಂದಲ ಆಗುವುದಿಲ್ಲವೇ? ಅದಕ್ಕೇ ಡ್ರಮ್ ಬಿಡಿಪದ ಆಡುವುದಿಲ್ಲ. ಎಲ್ಲರಿಗೂ ಬಾಯಿಪಾಠವಿರುವ ಇಡೀ ನುಡಿಯನ್ನೇ ಆಡುತ್ತದೆ. 'ಅಸಾಂಟೆ ಕೊಟೊಕೊ, ಕುಂ ಅಪೆಂ ಆ, ಅಪೆಂ ಬೆಬಾ.' ಅಶಾಂತಿ ಮುಳ್ಳುಹಂದಿಯೇ, ಸಾವಿರ ಕೊಂದರೆ ಸಾವಿರ ಬರುತ್ತದೆ. ಪಕ್ಕದಲ್ಲಿ ನಿಂತಿದ್ದ ಅಜ್ಜ ಡ್ರಮ್ಮಿನ ಜತೆಗೇ ತುಟಿ ಆಡಿಸುತ್ತಿದ್ದ. ಅವನಿಗೆ ಅದು ಲಯವಲ್ಲ, ಮಾತು.

ಕೈಯಿಂದ ಬಾರಿಸುವ ಡ್ರಮ್ ಸಿಕ್ಕಿದ್ದು ಕೆಟೆ ಮೇಳದಲ್ಲಿ. ಕೆಟೆಯ ಡ್ರಮ್ಮುಗಳಿಗೆಲ್ಲ ಕೆಂಪು ಕಪ್ಪು ಚೌಕುಳಿ ಬಟ್ಟೆ ಉಡಿಸಿರುತ್ತಾರೆ. ಮುಂದಾಳು ಕ್ವಾಡುಮ್, ಅದಕ್ಕೆ ಎದುರಾಗಿ ಅಪೆಂಟೆಮ್ಮ, ಚಿಕ್ಕದು ಅಬುರುಕುವಾ. ಅಪೆಂಟೆಮ್ಮಕ್ಕೆ ಬರೀ ಅಂಗೈ. ಸುತ್ತ ಕೋಲುಗಳ ಚೂಪು ದನಿ ಓಡುತ್ತಿರುವಾಗ ನಡುವೆ ಈ ಕೈಯ ದನಿ ಮೆತ್ತಗೆ, ತೂಕವಾಗಿ ಬೀಳುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಅದೇ ಮೊದಲು ಕಾಣೆಯಾಗುತ್ತದೆ. ಎದುರು ನಿಂತೇ ಕೇಳಬೇಕು. ಕುಣಿಯುವವರು ತಿರುಗುವುದು ಅದರ ಮಾತಿಗೆ ಅಂತ ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೇ ಗೊತ್ತಾಗುತ್ತದೆ.

ಒಂದು ವಿಷಯ ಕಾಡಿತು. ಬಾರಿಸುವವರೆಲ್ಲ ಗಂಡಸರು. ಅಶಾಂತಿಯ ಹಳೆಯ ಕಟ್ಟುಪಾಡು ಹೆಂಗಸರನ್ನು ಡ್ರಮ್ಮಿನಿಂದ ದೂರ ಇಟ್ಟಿತ್ತು. ಆದರೆ ಹುಡುಗಿ ದೊಡ್ಡವಳಾದಾಗಿನ ಶಾಸ್ತ್ರದಲ್ಲಿ ಡೊನ್ನೊ ಅನ್ನುವ, ನಡು ಸಪೂರವಿರುವ ಡ್ರಮ್ಮನ್ನು ಕಂಕುಳಲ್ಲಿ ಅಮುಕಿ ಬಾರಿಸುವುದು ಹೆಂಗಸರೇ. ಹಗ್ಗ ಅಮುಕಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ನಮ್ಮಲ್ಲೂ ಘಟದ ಮುಂದೆ ಹೆಣ್ಣು ಕೂರುವುದು ಸಹಜ ಅನ್ನಿಸಲು ಸುಕನ್ಯಾ ರಾಮಗೋಪಾಲ್ ಅವರಂಥವರು ಎಷ್ಟು ವರ್ಷ ಬಾರಿಸಬೇಕಾಯಿತು. ಘಾನಾದಲ್ಲೂ ಈಗ ಹೆಣ್ಣುಮಕ್ಕಳು ಶಾಲೆಯ ತಂಡಗಳಲ್ಲಿ ಡ್ರಮ್ ಹಿಡಿಯುತ್ತಿದ್ದಾರೆ. ಅದನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಸೋಮವಾರ ವಾಪಸು ತೇಮಾ. ಮಂಗಳವಾರ, ಬುಧವಾರ ಅಕ್ಕನ ಮನೆಯ ಸಾರು ಅನ್ನ.

ಗುರುವಾರ, ಕೇಟಾ

ಪೂರ್ವಕ್ಕೆ ಹೊರಟು ಸೊಗಾಕೊಪೆಯಲ್ಲಿ ವೋಲ್ಟಾ ನದಿ ದಾಟಿದರೆ ಎವೆ ಜನರ ನಾಡು. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳಿನ ಪಟ್ಟಿ. ಆ ಮರಳಿನಲ್ಲೇ ಮಡಿ ಮಾಡಿ ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಕೇಟಾದಲ್ಲಿ 1784ರಲ್ಲಿ ಡೆನ್ಮಾರ್ಕಿನವರು ಕಟ್ಟಿದ ಕೋಟೆಯ ಒಂದು ಭಾಗವನ್ನು ಕಡಲು ತಿಂದುಹಾಕಿದೆ.

ಎವೆ ಡ್ರಮ್ಮುಗಳ ರೂಪವೇ ಬೇರೆ. ಒಂದೇ ಮರ ಕೊರೆದದ್ದಲ್ಲ. ಪೀಪಾಯಿ ಕಟ್ಟುವ ರೀತಿಯಲ್ಲೇ ಹಲಗೆ ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿಯುತ್ತಾರೆ. ಚಿಕ್ಕದು ಕಗನು, ನಡುವಿನದು ಕಿಡಿ, ಅದಕ್ಕಿಂತ ದೊಡ್ಡದು ಸೊಗೊ. ಎಲ್ಲಕ್ಕಿಂತ ಉದ್ದ ಅಟ್ಸಿಮೆವು. ಅದನ್ನು ಒಂದು ಆಸರೆಗೆ ಓರೆಯಾಗಿ ಒರಗಿಸಿ, ಪಕ್ಕ ನಿಂತು ಬಾರಿಸುತ್ತಾರೆ. ಕಗನು, ಅಟ್ಸಿಮೆವುಗಳ ತಳ ತೆರೆದಿರುತ್ತದೆ. ಕಿಡಿ, ಸೊಗೊಗಳ ತಳ ಮುಚ್ಚಿರುತ್ತದೆ. ಹಾಗಾಗಿ ಸೊಗೊದ ದನಿ ಹೊರಗೆ ಹಾರುವುದಿಲ್ಲ, ಒಳಗೇ ದುಂಡಾಗಿ ಸುತ್ತುತ್ತದೆ. ಬಾರಿಸುವ ಮುಂಚೆ ಚರ್ಮಕ್ಕೆ ನೀರು ಸವರಿ, ಗೂಟಕ್ಕೆ ಹೊಡೆದು ಬಿಗಿ ಮಾಡುತ್ತಾರೆ.

ಇಲ್ಲಿನ ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಇಡೀ ಗುರುವಾರ ಡ್ರಮ್ ಮುಟ್ಟಲು ಕೊಡಲಿಲ್ಲ. ಕೈಗೆ ಗಾಂಕೊಗುಯಿ ಕೊಟ್ಟರು. ಎರಡು ಬಾಯಿಯ ಕಬ್ಬಿಣದ ಗಂಟೆ, ಒಂದು ದೊಡ್ಡ ದನಿ, ಒಂದು ಸಣ್ಣ ದನಿ.

ಅಗ್ಬಾಜಾ ಕುಣಿತದ ಗಂಟೆ ಹೀಗೆ. ತಿಶ್ರ ನಡೆಯಲ್ಲಿ, ಅಂದರೆ ಎಣಿಕೆಗೆ ಮೂರರಂತೆ, ನಾಲ್ಕು ಎಣಿಕೆ ಹಾಕಿ, ಒಟ್ಟು ಹನ್ನೆರಡು. ಅದರಲ್ಲಿ ಏಳು ಪೆಟ್ಟು: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಕಾಲಿನಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾ ಕೈಯಲ್ಲಿ ಇದನ್ನು ತಟ್ಟಿ ನೋಡಿ. ಒಂದನೆಯ ಹೆಜ್ಜೆಯಲ್ಲಿ ಕೈ ಕಾಲು ಕೂಡುತ್ತವೆ. ಆಮೇಲೆ ದೂರ ಹೋಗುತ್ತವೆ, ನಾಲ್ಕನೆಯದರಲ್ಲಿ ಇನ್ನೊಮ್ಮೆ ಕೂಡುತ್ತವೆ. ತಾಳ ತಪ್ಪದೆ ಹಾಕುವ ನಮ್ಮವರಿಗೂ ಇದು ಕೂರಲು ಸಮಯ ಬೇಕು. ನಮ್ಮಲ್ಲಿ ತಾಳ ಅಂದರೆ ಸಮನಾದ ಅಳತೆ. ಇಲ್ಲಿ ಅಳತೆಗೋಲೇ ಓರೆ, ಆದರೆ ಎಲ್ಲರೂ ಅದನ್ನೇ ಹಿಡಿದು ನಡೆಯುತ್ತಾರೆ.

ಶುಕ್ರವಾರ, ಕೇಟಾ

ಇವತ್ತು ಕಗನು. ಎರಡು ಸಪೂರ ಕಡ್ಡಿ, ಎರಡೇ ಪೆಟ್ಟು. ಹೆಜ್ಜೆ ಬಿದ್ದ ಕೂಡಲೇ, ಅದರ ಹಿಂದೆ ಎರಡು. ಹೆಜ್ಜೆಯ ಮೇಲೆ ಯಾವತ್ತೂ ಇಲ್ಲ. ಮುಖ್ಯ ಎಣಿಕೆಯನ್ನು ಖಾಲಿ ಬಿಟ್ಟು ಉಳಿದದ್ದನ್ನು ತುಂಬುವುದು ಅದರ ಕೆಲಸ. ಒಬ್ಬರೇ ಕೂತು ಬಾರಿಸಿದರೆ ಬರೀ ಟಿಕಟಿಕ. ಗಂಟೆ ಸೇರಿತು, ಸೋರೆಬುರುಡೆಗೆ ಮಣಿ ಕಟ್ಟಿದ ಅಹಾತ್ಸೆ ಸೇರಿತು, ಕಿಡಿ ಸೇರಿತು. ಆಗ ಕಗನುವಿನ ಆ ಎರಡು ಪೆಟ್ಟು ಇಡೀ ಮೇಳವನ್ನು ಹಿಂದಿನಿಂದ ತಳ್ಳಿ ಮುಂದಕ್ಕೆ ಒಯ್ಯುತ್ತದೆ. ಮೇಷ್ಟ್ರು ಬೇಕೆಂದೇ ಒಮ್ಮೆ ಕಗನು ನಿಲ್ಲಿಸಿದರು. ಎಲ್ಲರ ಕೈ ಭಾರವಾಯಿತು. ಮತ್ತೆ ಶುರು ಮಾಡಿದರು, ಹಗುರವಾಯಿತು.

ಪಾಠವೆಲ್ಲ ಬಾಯಿಯಲ್ಲೇ. ಪ್ರತಿ ಪೆಟ್ಟಿಗೂ ಒಂದು ಸೊಲ್ಲು ಇದೆ, ಮೊದಲು ನಾಲಿಗೆಗೆ, ಆಮೇಲೆ ಕೈಗೆ. ನಾನು ಪ್ರತಿಯಾಗಿ ಒಂದು ಆವರ್ತ ಕೊನ್ನಕ್ಕೋಲು, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ಹೇಳಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ಕೂಡಲೇ ಅದನ್ನು ಸೊಗೊ ಮೇಲೆ ಬಾರಿಸಿದರು. ಆಮೇಲೆ ಒಂದೇ ಪ್ರಶ್ನೆ: 'ಇದಕ್ಕೆ ಉತ್ತರ ಕೊಡುವ ಡ್ರಮ್ ಎಲ್ಲಿ?'

ಆ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಮೃದಂಗದವರು ಒಬ್ಬರೇ ತನಿ ಆವರ್ತನ ನುಡಿಸಬಲ್ಲರು, ಎಲ್ಲ ದನಿಯೂ ಒಂದೇ ವಾದ್ಯದಲ್ಲಿ ಇದೆ. ಎವೆ ಡ್ರಮ್ಮಿಗೆ ತನ್ನ ಪಾಲು ಮಾತ್ರ ಇದೆ. ಕಿಡಿಯ ಪಾಲು ಸೊಗೊ ಕೇಳಿದಾಗ ಉತ್ತರ ಕೊಡುವುದು. ಸೊಗೊದ ಪಾಲು ಕೇಳುವುದು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಗಿನಿಯ ಜೆಂಬೆ ಮೇಳದಲ್ಲಿ ಮುಂದಾಳು ಜೆಂಬೆಯ ದನಿ ಎಲ್ಲಕ್ಕಿಂತ ಮೇಲೆ ಹಾರುತ್ತದೆ, ಕೆಳಗಿನ ದುಂದುನ್ ಡ್ರಮ್ಮುಗಳು ಅದನ್ನು ಹೊತ್ತಿರುತ್ತವೆ. ಅಗ್ಬಾಜಾದಲ್ಲಿ ತಿರುವುಮುರುವು. ಚಿಕ್ಕ ದನಿಗಳು ಮೇಲೆ ನಿಂತು ಕಾಯುತ್ತವೆ, ಮಾತಾಡುವುದು ಕೆಳಗಿನ ಸೊಗೊ. 'ಆಫ್ರಿಕಾದ ಡ್ರಮ್' ಅಂತ ಒಂದೇ ಮಾತಿನಲ್ಲಿ ಹೇಳುವುದನ್ನು ಇನ್ನು ಬಿಡಬೇಕು ಅನ್ನಿಸುತ್ತದೆ.

ಶನಿವಾರ, ಅನ್ಲೊಗಾ

ಘಾನಾದಲ್ಲಿ ಶನಿವಾರ ಅಂದರೆ ಉತ್ತರಕ್ರಿಯೆಯ ದಿನ. ಮೇಷ್ಟ್ರ ನೆಂಟರ ಮನೆಯಲ್ಲಿ ತುಂಬು ವಯಸ್ಸಿನ ಅಜ್ಜಿಯೊಬ್ಬರು ತೀರಿಕೊಂಡಿದ್ದರು, ನಮ್ಮನ್ನೂ ಕರೆದರು. ವಯಸ್ಸಾಗಿ ಹೋದವರ ಮನೆಯಲ್ಲಿ ಕಪ್ಪು ಬಿಳಿ ಬಟ್ಟೆ ಉಡುತ್ತಾರೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮುಯ್ಯಿ ಬರೆದುಕೊಳ್ಳುವ ಮೇಜು. ಕೊಟ್ಟದ್ದಕ್ಕೆ ರಸೀದಿ ಬರೆದು ಕೊಟ್ಟರು.

ಅಗ್ಬಾಜಾ ಹುಟ್ಟಿದ್ದು ಹಳೆಯ ಯುದ್ಧದ ಕುಣಿತದಿಂದ ಅಂತಾರೆ. ಈಗ ಸಾವಿಗೂ ಅದೇ, ಹಬ್ಬಕ್ಕೂ ಅದೇ. ಮೊದಲು ಗಂಟೆ ಒಂದೇ. ಆಮೇಲೆ ಹೆಂಗಸರ ಕೈಯ ಅಹಾತ್ಸೆ, ಚಪ್ಪಾಳೆ. ಕಗನು, ಕಿಡಿ. ಕೊನೆಗೆ ಸೊಗೊ. ಸೊಗೊ ಹಿಡಿದಾತ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಡ್ರಮ್ಮನ್ನು ಕಾಲ ನಡುವೆ ಇಟ್ಟ. ಬಲಗೈ ನಡುವೆ ಬಿಟ್ಟಾಗ ಗುಂ. ಎಡಗೈ ಅಂಚನ್ನು ಒತ್ತಿದಾಗ ಅದೇ ಗುಂ ಅರ್ಧ ಏರಿತು. ಆಮೇಲೆ ತೆರೆದ ತೊಂ ಮೂರು. ಕಿಡಿ ಕೂಡಲೇ ಉತ್ತರ ಕೊಟ್ಟಿತು. ಆತ ಮತ್ತೆ ಕೇಳಿದ, ಈ ಸಲ ಕೊನೆಯ ಪೆಟ್ಟನ್ನು ತಡೆದು. ಕಿಡಿಯವನು ನಕ್ಕು ತನ್ನ ಪಟ್ಟನ್ನೇ ಬಿಡದೆ ಹಿಡಿದ. ಹೆಂಗಸರ ಸಾಲಿನಲ್ಲಿ ಒಂದು ಕೂಗು ಎದ್ದಿತು.

ಕುಣಿತ ಪೂರ್ತಿ ಬೆನ್ನಿನಲ್ಲಿ. ಮುಂದಕ್ಕೆ ಬಾಗಿ, ಭುಜದ ಮೂಳೆಗಳನ್ನು ಹಿಂದಕ್ಕೆ ಕೂಡಿಸಿ ಬಿಚ್ಚುತ್ತಾರೆ. ತೀರಿಕೊಂಡ ಅಜ್ಜಿಯ ತಂಗಿ ಕೋಲು ಬದಿಗಿಟ್ಟು ಎದ್ದು ಬಂದರು. ಡ್ರಮ್ಮಿನ ಎದುರಿಗೇ ನಿಂತು ಭುಜ ಆಡಿಸಿದರು. ಸೊಗೊದವನು ಉಳಿದ ಮಾತೆಲ್ಲ ಬಿಟ್ಟು ಅವರ ಭುಜವನ್ನೇ ಹಿಂಬಾಲಿಸಿದ. ಅಕ್ಕನ ಕಣ್ಣು ತುಂಬಿತ್ತು. 'ಅಮ್ಮ ಹೋದಾಗ ನಾವು ಹೀಗೆ ಕುಣಿಯೋ ಹಾಗಿದ್ದಿದ್ರೆ' ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಯಾರೋ ಇಬ್ಬರ ಕೈಗೂ ಒಂದೊಂದು ಅಹಾತ್ಸೆ ಕೊಟ್ಟರು, ನಾವೂ ಸಾಲಿಗೆ ಸೇರಿದೆವು.

ಭಾನುವಾರ, ತೇಮಾ

ಹೋಗುವವರಿಗೆ ಕೆಲವು ಮಾತು. ಡ್ರಮ್ ಕೊಳ್ಳುವುದಾದರೆ ಮೊದಲು ಒಳಗೆ ಇಣುಕಿ ನೋಡಿ. ಬಿರುಕಿಗೆ ಅಂಟು, ಹೊಟ್ಟು ತುಂಬಿ ಬಣ್ಣ ಬಳಿದಿರುವುದು ಉಂಟು. ಮೂರೂ ದನಿ ಬಾರಿಸಿ ಕೇಳಿ, ಗುಂ ಮತ್ತು ತೊಂ ನಡುವೆ ಅಂತರ ಇಲ್ಲದಿದ್ದರೆ ಕೆತ್ತನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಜೆಂಬೆ ಎಲ್ಲಾದರೂ ಸಿಗುತ್ತದೆ, ಕ್ಪಾನ್ಲೊಗೊ ತನ್ನಿ. ಸಾಧ್ಯವಾದರೆ ಜತೆಗೆ ಒಂದು ಗಂಟೆಯನ್ನೂ.

ಇನ್ನೊಂದು, ಟಿಕೆಟ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ. ಗಾ ಜನರ ಹೊಮೊವೊ ಹಬ್ಬಕ್ಕೆ ಮುಂಚೆ, ಮೇ-ಜೂನ್ ಹೊತ್ತಿಗೆ, ಅಕ್ರಾದಲ್ಲಿ ಸುಮಾರು ಒಂದು ತಿಂಗಳು ಡ್ರಮ್ ಬಾರಿಸುವ ಹಾಗಿಲ್ಲ. ಬಿತ್ತಿದ ಪೈರು ಏಳುವ ಕಾಲ ಅದು. ಚರ್ಚುಗಳೂ ದನಿ ತಗ್ಗಿಸಬೇಕು. ಆಗ ಹೋದರೆ ಕೊಕ್ರೊಬಿಟೆ ಕಡೆಯ ಪಾಠಗಳೂ ಸಿಗುವುದು ಕಷ್ಟ. ಆಗಸ್ಟ್‌ನಲ್ಲಿ ಹೋದರೆ ಹಬ್ಬವೇ ಸಿಗುತ್ತದೆ. ನವೆಂಬರ್ ಮೊದಲ ಶನಿವಾರ ಅನ್ಲೊಗಾದಲ್ಲಿ ಹೊಗ್ಬೆಟ್ಸೊಟ್ಸೊ ಹಬ್ಬ. ಎವೆ ಜನ ಈಗಿನ ಟೋಗೋ ದೇಶದಲ್ಲಿರುವ ನೊಟ್ಸೆಯ ದೊರೆಯ ಕಾಟ ತಾಳಲಾರದೆ ಕೋಟೆಗೋಡೆ ಒಡೆದು, ಹಿಂದುಹಿಂದಕ್ಕೆ ಹೆಜ್ಜೆ ಹಾಕಿ ತಪ್ಪಿಸಿಕೊಂಡು ಬಂದ ಕಥೆಯನ್ನು ಅವತ್ತು ಡ್ರಮ್ಮಿನ ಜತೆ ಕುಣಿದು ತೋರಿಸುತ್ತಾರೆ. ಅಕ್ಕ ಈಗಾಗಲೇ ಆ ತಿಂಗಳ ರಜೆ ಕೇಳಲು ಭಾವನ ಹಿಂದೆ ಬಿದ್ದಿದ್ದಾಳೆ.